ಕಾಮಾಕುರದಲ್ಲಿ ಬೀಗಿತ್ತಿಯ ಮುಖ ನೋಡಿದ್ದು

ಶನಿವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಜಪಾನಿನ ಓಜಿಮಾದಲ್ಲಿರುವ ಮಗಳ ಮನೆಯಿಂದ ಹೊರಟೆವು. ಹೊರಟೆವು ಅನ್ನುವುದಕ್ಕಿಂತ ನಮ್ಮನ್ನು ಹೊರಡಿಸಿದರು ಅನ್ನುವುದೇ ಸರಿ. ಎಂಟು ತಿಂಗಳ ಬಸುರಿಯಾದ ನನ್ನ ಮಗಳು ಸುಮ ಹಿಂದಿನ ಸಂಜೆ ಸೋಫಾದ ಮೇಲೆ ಕಾಲು ಚಾಚಿಕೊಂಡು, "ನಾಳೆ ಒಂದಿನ ಈ ಮನೇಲಿ ನಾನೊಬ್ಬಳೇ ಇರ್ಬೇಕು. ನೀವಿಬ್ರೂ ಎಲ್ಲಿಗಾದ್ರೂ ಹೋಗಿ ಬನ್ನಿ" ಅಂದಳು. ನೀವಿಬ್ಬರು ಅಂದರೆ ನಾನು ಮತ್ತು ಅವಳ ಅತ್ತೆ, ಅರ್ಥಾತ್ ನನ್ನ ಬೀಗಿತ್ತಿ ಲಲಿತಮ್ಮನವರು. ಎರಡು ಕೋಣೆಯ ಆ ಮನೆಯಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಒಲೆಯ ಮುಂದೆ ನಿಂತು, ಎದುರೆದುರು ಒಂದು ಮಾತೂ ಆಡದೆ, ಅವರು ಬಂದಾಗಿನಿಂದ ಹತ್ತು ದಿನ ಕಳೆದಿದ್ದೆವು. ಉಪ್ಪಿನ ಡಬ್ಬ ಬೇಕಾದರೂ ಸುಮಳನ್ನು ಕೂಗಿ ಕೇಳುತ್ತಿದ್ದೆವು.

ಮುನಿಸು ಹಳೆಯದು. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಕೂತಿದ್ದ ನಮ್ಮ ದೊಡ್ಡಪ್ಪನನ್ನು ಗಂಡಿನ ಕಡೆಯವರು ಎಲೆಯ ಮುಂದಿನಿಂದ ಎಬ್ಬಿಸಿ, ತಡವಾಗಿ ಬಂದ ತಮ್ಮವರೊಬ್ಬರನ್ನು ಕೂರಿಸಿದರು. ಎಲೆಗೆ ಆಗಲೇ ಕೋಸಂಬರಿ ಬಿದ್ದಿತ್ತು. ದೊಡ್ಡಪ್ಪ ಕೈತೊಳೆದು ಛತ್ರದಿಂದ ಹೊರಗೆ ಹೋದವರು ಮತ್ತೆ ಒಳಗೆ ಬರಲಿಲ್ಲ. ಅದಕ್ಕೆ ಪ್ರತಿಯಾಗಿ ನಾವು ಮೈಸೂರಿನಲ್ಲಿ ಅವರ ಮನೆಯ ಗೃಹಪ್ರವೇಶಕ್ಕೆ ಹೋಗಿ, ಉಡುಗೊರೆ ಇಟ್ಟು, ಊಟಕ್ಕೆ ಕೂರದೆ ಎದ್ದು ಬಂದೆವು. ಅದಕ್ಕೆ ಅವರು ನನ್ನ ತಮ್ಮನ ಮಗನ ಉಪನಯನಕ್ಕೆ ಬರಲೇ ಇಲ್ಲ. ಹೀಗೆ ಒಂದಕ್ಕೊಂದು ಸೇರಿ ಸರಪಳಿಯಾಗಿತ್ತು.

ಆದರೆ ನನ್ನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕಲ್ಲ. ಮೊದಲ ಬಾಣಂತನ ತವರಿನದು. ಸುಮಳಿಗೆ ಐದನೇ ತಿಂಗಳಲ್ಲಿ ವಾಂತಿ ಹೆಚ್ಚಾಗಿ ನೀರೂ ದಕ್ಕದಂತಾದಾಗ ನಾನು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದೆ. ಈ ದೇಶದವರು ನನಗೆ ಕೊಟ್ಟದ್ದು ತೊಂಬತ್ತು ದಿನ. ಮಗು ಹುಟ್ಟುವ ಮೊದಲೇ ಅದು ಮುಗಿಯುತ್ತದೆ ಎಂಬ ಲೆಕ್ಕ ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಮುಂದಿನ ವಾರ ನಾನು ವಿಮಾನ ಹತ್ತಬೇಕು. ಬಾಣಂತನ ಬೀಗಿತ್ತಿಯ ಪಾಲಿಗೆ. ನನ್ನ ಮಗಳ ತಲೆಗೆ ಅವರು ಎಣ್ಣೆ ಹಾಕುತ್ತಾರೆ. ನನ್ನ ಮೊಮ್ಮಗುವನ್ನು ಮೊದಲು ಅವರು ಎತ್ತಿಕೊಳ್ಳುತ್ತಾರೆ. ಇದನ್ನು ನೆನೆದಾಗಲೆಲ್ಲ ಹಸಿ ಮೆಣಸಿನಕಾಯಿ ಅಗಿದಂತಾಗುತ್ತಿತ್ತು.

ನಮ್ಮನ್ನು ಕರೆದುಕೊಂಡು ಹೊರಟವರು ಅಳಿಯ ಶ್ರೀಧರ. ಪಾಪ, ಐದು ದಿನ ಮಿನಾಟೋದ ಆಫೀಸಿನಲ್ಲಿ ದುಡಿದು, ಆರನೆಯ ದಿನ ಇಬ್ಬರು ಮುದುಕಿಯರ ನಡುವೆ ಸಿಕ್ಕಿಕೊಂಡಿದ್ದರು. ಓಜಿಮಾದಿಂದ ನೆಲದಡಿಯ ರೈಲು, ಬಾಕುರೋ ಎನ್ನುವಲ್ಲಿ ಇಳಿದು ಇನ್ನೊಂದು ರೈಲು. ಒಬ್ಬೊಬ್ಬರಿಗೆ ಹೋಗಲು ಸಾವಿರದ ಇನ್ನೂರು ಯೆನ್ ಹತ್ತಿರ ಹತ್ತಿರ ಆಯಿತು. ರೈಲಿನಲ್ಲಿ ಅಳಿಯ ನಮ್ಮಿಬ್ಬರ ಮಧ್ಯೆ ಕೂತರು. ಯೋಕೋಹಾಮಾ ಬಂದಾಗ ಲಲಿತಮ್ಮನವರು ಕಿಟಕಿಯ ಕಡೆ ಬೆರಳು ತೋರಿಸಿ ಮಗನಿಗೆ ಏನೋ ಹೇಳಿದರು, ಅವರು ನಕ್ಕರು. ನಾನು ಈಚೆ ಕಿಟಕಿಯಲ್ಲಿ ನಗುವಂಥದ್ದೇನಾದರೂ ಇದೆಯೇ ಎಂದು ಹುಡುಕಿದೆ. ಗೋಡೌನುಗಳಷ್ಟೇ ಕಂಡವು.

ನನ್ನ ತೊಡೆಯ ಮೇಲೆ ಬಟ್ಟೆಯ ಚೀಲವಿತ್ತು. ಅದರಲ್ಲಿ ಮೇಲೆ ಒಬ್ಬಟ್ಟಿನ ಡಬ್ಬ, ಕೆಳಗೆ ಟವೆಲಿನಲ್ಲಿ ಸುತ್ತಿದ ಅರ್ಧ ಸೀರೆ. ನನ್ನ ಅಮ್ಮ ಉಟ್ಟು ಒಗೆದು, ಒಗೆದು ಉಟ್ಟು, ಬೆಣ್ಣೆಯಂತಾದ ತಿಳಿಹಸಿರು ನೂಲಿನ ಸೀರೆ ಅದು. ಸುಮ ಹುಟ್ಟಿದಾಗ ಮೊದಲು ಸುತ್ತಿದ್ದು ಅದರ ಅರ್ಧದಲ್ಲಿ. ಉಳಿದ ಅರ್ಧವನ್ನು ಈ ಮಗುವಿಗೆಂದು ಊರಿನಿಂದ ತಂದಿದ್ದೆ. ನಾನೇ ಇರುವುದಿಲ್ಲವೆಂದ ಮೇಲೆ ಯಾರ ಕೈಯಿಂದ ಸುತ್ತಿಸುವುದು? ವಾಪಸು ಒಯ್ಯುವುದೆಂದು ತೀರ್ಮಾನಿಸಿದ್ದೆ. ಒಂದೇ ಕೋಣೆಯಲ್ಲಿ ಇಬ್ಬರ ಪೆಟ್ಟಿಗೆಗಳೂ ಇದ್ದದ್ದರಿಂದ, ಅವರ ಕಣ್ಣಿಗೆ ಬೀಳಬಾರದೆಂದು ಎಲ್ಲಿಗೆ ಹೋದರೂ ಹೊತ್ತುಕೊಂಡೇ ಓಡಾಡುತ್ತಿದ್ದೆ.

ಕಿತಾ-ಕಾಮಾಕುರ ಎಂಬ ಪುಟ್ಟ ಸ್ಟೇಷನ್ನಿನಲ್ಲಿ ಇಳಿದೆವು. ನವೆಂಬರಿನ ಬಿಸಿಲು, ತಣ್ಣನೆಯ ಗಾಳಿ. ಅಲ್ಲಿ ಮೊರಿ ಸಾನ್ ಎನ್ನುವ ಹೆಂಗಸು ನಮಗಾಗಿ ಕಾಯುತ್ತಿದ್ದರು. ಅಳಿಯನ ಆಫೀಸಿನಲ್ಲಿ ಮೇಲಧಿಕಾರಿಯಾಗಿದ್ದು ನಿವೃತ್ತರಾದವರು. ಊರು ಅದೇ ಆದ್ದರಿಂದ ಬಂದವರಿಗೆ ತೋರಿಸುವುದೆಂದರೆ ಇಷ್ಟವಂತೆ. ನಮ್ಮಿಬ್ಬರಿಗೂ ಒಂದೇ ಅಳತೆಯಲ್ಲಿ ಬಾಗಿ ವಂದಿಸಿದರು. ನಾನು ಗಮನಿಸಿದೆ, ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ. ಅವರು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳುವರು, ಅಳಿಯ ನಮಗೆ ಕನ್ನಡದಲ್ಲಿ ದಾಟಿಸುವರು.

ಸ್ಟೇಷನ್ನಿಗೆ ಅಂಟಿಕೊಂಡೇ ಎಂಗಾಕುಜಿ ದೇವಸ್ಥಾನ. ಒಳಗೆ ಹೋಗಲು ಐನೂರು ಯೆನ್. ದೇವದಾರುವಿನಂಥ ಎತ್ತರದ ಮರಗಳ ನಡುವೆ ಕಲ್ಲಿನ ಮೆಟ್ಟಿಲು, ದೊಡ್ಡ ಮರದ ಹೆಬ್ಬಾಗಿಲು, ಬಣ್ಣವಿಲ್ಲ, ಗೋಪುರವಿಲ್ಲ. ಏಳುನೂರು ವರ್ಷಕ್ಕೂ ಹಿಂದೆ ಸಮುದ್ರದಾಚೆಯಿಂದ ಮಂಗೋಲರ ಸೈನ್ಯ ದಂಡೆತ್ತಿ ಬಂದಿತ್ತಂತೆ. ಯುದ್ಧ ಮುಗಿದ ಮೇಲೆ ಸತ್ತವರ ಶಾಂತಿಗಾಗಿ ಇದನ್ನು ಕಟ್ಟಿಸಿದರು ಎಂದು ಮೊರಿ ಸಾನ್ ಹೇಳಿದರು. ನಮ್ಮಲ್ಲೂ ಅಷ್ಟೇ, ಕಾದಾಡಿ ಸತ್ತವನಿಗೆ ವೀರಗಲ್ಲು ನಿಲ್ಲಿಸುತ್ತಾರೆ ಎಂದು ನಾನು ಅಳಿಯನ ಮೂಲಕ ಹೇಳಿಸಿದೆ. ನಮ್ಮೂರ ಕೆರೆ ಏರಿಯ ಮೇಲೆ ಅಂಥದ್ದೊಂದಿದೆ. ಸತ್ತವನ ಮನೆಯವರಿಗೆ ದೊರೆ ಹೊಲ ಬಿಟ್ಟುಕೊಡುತ್ತಿದ್ದನೆಂದೂ, ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರೆಂದೂ ನಮ್ಮಜ್ಜಿ ಆ ಕಲ್ಲಿಗೆ ಎಣ್ಣೆ ಹಚ್ಚುತ್ತಾ ಹೇಳುತ್ತಿದ್ದಳು. ಮೊರಿ ಸಾನ್ ತಲೆದೂಗಿದರು. ಆಮೇಲೆ, ಇದು ಈ ಕಡೆ ಸತ್ತವರಿಗೆ ಮಾತ್ರವಲ್ಲ, ದಂಡೆತ್ತಿ ಬಂದು ಸತ್ತವರಿಗೂ ಸೇರಿಸಿ ಕಟ್ಟಿದ್ದು ಅಂದರು.

"ಶತ್ರುಗಳಿಗೂನಾ?" ಅಂದರು ಲಲಿತಮ್ಮನವರು.

"ಹೌದಂತಮ್ಮಾ. ಇಬ್ಬರಿಗೂ ಒಂದೇ ಪೂಜೆ."

ಅವರು ಸೆರಗು ಹೊದ್ದುಕೊಂಡು ಕೈಮುಗಿದರು. ನಾನು ಮುಗಿಯಬೇಕೆಂದಿದ್ದವಳು, ಅವರು ಮೊದಲು ಮುಗಿದರಲ್ಲ ಎಂದು ಸುಮ್ಮನೆ ಮರ ನೋಡುತ್ತಾ ನಿಂತೆ.

ಅಲ್ಲಿಂದ ದೊಡ್ಡ ದೇವಸ್ಥಾನಕ್ಕೆ ಅರ್ಧ ಗಂಟೆಯ ನಡಿಗೆ. ಲಲಿತಮ್ಮನವರಿಗೆ ಮಂಡಿನೋವು. ಅಳಿಯ ತಾಯಿಯ ಕೈ ಹಿಡಿದು ನಿಧಾನವಾಗಿ ಬಂದರು. ನನ್ನ ಮಂಡಿ ಗಟ್ಟಿಯಾಗಿರುವುದು ನನಗೇ ಅನ್ಯಾಯವೆನಿಸಿತು. ಮುಂದೆ ಮುಂದೆ ನಡೆದು ಮೊರಿ ಸಾನ್ ಜೊತೆ ಹೆಜ್ಜೆ ಹಾಕಿದೆ. ನಮಗಿಬ್ಬರಿಗೂ ಭಾಷೆ ಇಲ್ಲದ್ದರಿಂದ ಆಕಾಶ, ಹೂವು, ಅಂಗಡಿ ತೋರಿಸಿಕೊಂಡು ನಕ್ಕೆವು.

ಹಾಚಿಮಾನ್ ದೇವರ ಆ ಗುಡಿಗೆ ಅಗಲವಾದ ಕಲ್ಲಿನ ಮೆಟ್ಟಿಲುಗಳ ಸಾಲು. ಮೆಟ್ಟಿಲಿನ ಎಡಕ್ಕೆ ದೊಡ್ಡ ಗಿಂಕೋ ಮರದ ಬೊಡ್ಡೆ. ಕೆಲವು ವರ್ಷಗಳ ಹಿಂದೆ ಗಾಳಿಗೆ ಉರುಳಿತಂತೆ. ಈಗ ಬುಡದಿಂದ ಹೊಸ ಚಿಗುರುಗಳು ಎದ್ದು, ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಎಂಟುನೂರು ವರ್ಷಗಳ ಹಿಂದೆ, ಹಿಮ ಬೀಳುತ್ತಿದ್ದಾಗ, ನಾಡನ್ನಾಳುತ್ತಿದ್ದ ಶೋಗುನ್ ಪೂಜೆ ಮುಗಿಸಿ ಈ ಮೆಟ್ಟಿಲಿಳಿದು ಬರುತ್ತಿದ್ದ. ಅವನ ಅಣ್ಣನ ಮಗ ಈ ಮರದ ಮರೆಯಲ್ಲಿ ಅಡಗಿದ್ದನೆಂದು ಕಥೆ. ತಂದೆಯ ಸಾವಿಗೆ ಚಿಕ್ಕಪ್ಪನೇ ಕಾರಣವೆಂದು ನಂಬಿದ್ದವನು, ನುಗ್ಗಿ ಕತ್ತಿಯಿಂದ ಕಡಿದ. ಅಂದೇ ಅವನನ್ನೂ ಕೊಂದರು. ವಂಶ ಅಲ್ಲಿಗೇ ನಿಂತಿತು.

"ಚಿಕ್ಕಪ್ಪನೇ ಕೊಲ್ಲಿಸಿದ್ದು ನಿಜಾನಾ?" ಎಂದು ಕೇಳಿಸಿದೆ.

ಹಾಗೇನೂ ತೋರುವುದಿಲ್ಲ ಎಂದರು ಮೊರಿ ಸಾನ್. ಯಾರೋ ಹುಡುಗನ ಕಿವಿಯಲ್ಲಿ ಹಾಗೆಂದು ಊದಿರಬೇಕು ಅನ್ನುತ್ತಾರಂತೆ. ಆ ಕಾಲದಲ್ಲಿ ಜನರಿಗೆ ಮಾನವೆಂದರೆ ಪ್ರಾಣ. ಯಾರೋ ನಕ್ಕರೆಂದು, ದಾರಿ ಬಿಡಲಿಲ್ಲವೆಂದು ಕಡಿದಾಡಿ, ಅದು ಎರಡು ಊರುಗಳ ಜಗಳವಾಗಿ ಬೆಳೆಯುತ್ತಿತ್ತು ಎಂದೂ ಹೇಳಿದರು. ಅಳಿಯ ಇದನ್ನು ಕನ್ನಡಕ್ಕೆ ತರುವಾಗ ಬೇಕೆಂದೇ ಸ್ವಲ್ಪ ನಿಧಾನಿಸಿದರು. "ಪಂಕ್ತಿಯಿಂದ ಎಬ್ಬಿಸಿದ್ರೆ ಏನ್ ಮಾಡ್ತಿದ್ರು ಅಂತ ಕೇಳ್ಲಾ ಅತ್ತೆ?" ಅಂದರು. ಹಿಂದಿನಿಂದ ಲಲಿತಮ್ಮನವರು ಕೆಮ್ಮಿದ್ದು ಕೇಳಿಸಿತು.

ಗುಡಿಯಿಂದ ಸಮುದ್ರದ ತನಕ ನೇರ ರಸ್ತೆ. ದಾರಿಯಲ್ಲಿ ರೈತರು ತಾವೇ ಬೆಳೆದದ್ದನ್ನು ತಂದು ಮಾರುವ ಹಳೆಯ ಕೊಟ್ಟಿಗೆಯಂಥ ಸಂತೆಕಟ್ಟೆ ಸಿಕ್ಕಿತು. ಲಲಿತಮ್ಮನವರು ಅಲ್ಲಿ ಮೊಳಕೈ ಉದ್ದದ, ಬಿಳಿಬಿಳಿ ದಪ್ಪ ಮೂಲಂಗಿಯೊಂದನ್ನು ಆರಿಸಿದರು. "ಸುಮಂಗೆ ಮೂಲಂಗಿ ಹುಳಿ ಅಂದ್ರೆ ಪ್ರಾಣ" ಅಂದರು ಮಗನಿಗೆ. ನನ್ನ ಮಗಳಿಗೆ ಏನೆಂದರೆ ಪ್ರಾಣವೆಂದು ಅವರು ಹೇಳಬೇಕೆ? ಸುಮಳಿಗೆ ಮೂಲಂಗಿ ಹುಳಿ ಇಷ್ಟವಾದದ್ದು ನನ್ನ ಕೈಯಿಂದ. ಇನ್ನೂ ದಪ್ಪದೊಂದನ್ನು ಕೊಳ್ಳೋಣವೆಂದು ಹುಡುಕಿದೆ, ಇರಲಿಲ್ಲ.

ಸಮುದ್ರದ ದಡದಲ್ಲಿ ಊಟಕ್ಕೆ ಕೂತೆವು. ಅಳಿಯ ಕೊಂಬಿನಿ ಎನ್ನುವ ಸಣ್ಣ ಅಂಗಡಿಯಿಂದ ಮೊರಿ ಸಾನ್‌ಗೆ ಅನ್ನದ ಉಂಡೆ, ನಮಗೆ ನೀರಿನ ಬಾಟಲಿ ತಂದರು. ಲಲಿತಮ್ಮನವರ ಡಬ್ಬದಲ್ಲಿ ಚಪಾತಿ, ಬದನೆಕಾಯಿ ಎಣ್ಣೆಗಾಯಿ. ನನ್ನ ಡಬ್ಬದಲ್ಲಿ ಒಬ್ಬಟ್ಟು. ಬೆಳಗಿನ ಜಾವ ಎದ್ದು, ಅವರು ಏಳುವ ಮೊದಲೇ ಮಾಡಿದ್ದು. ಮರಳಿನ ಅಂಚಿನಲ್ಲಿ ಹದ್ದಿನ ಚಿತ್ರವಿರುವ ಹಳದಿ ಫಲಕ. ಮೇಲೆ ನಾಲ್ಕೈದು ಹದ್ದುಗಳು ಸುತ್ತುತ್ತಿದ್ದವು.

"ತಿಂಡೀನ ಕೈಲಿ ಎತ್ತಿ ಹಿಡೀಬಾರದಂತೆ. ಹದ್ದು ಬರುತ್ತೆ" ಅಂದರು ಲಲಿತಮ್ಮನವರು. ಮುಖ ಸಮುದ್ರದ ಕಡೆಗಿತ್ತು, ಆದರೆ ಮಾತು ನನಗೇ. ಹತ್ತು ದಿನದಲ್ಲಿ ಅವರು ನನಗೆ ಹೇಳಿದ ಮೊದಲ ಮಾತು ಅದು. ಬೇರೆ ಯಾರು ಹೇಳಿದ್ದರೂ ಕೇಳುತ್ತಿದ್ದೆ. ಅವರು ಹೇಳಿದ್ದಕ್ಕೇ ಒಬ್ಬಟ್ಟನ್ನು ಇನ್ನಷ್ಟು ಎತ್ತಿ ಹಿಡಿದು, "ತಗೊಳ್ಳಿ ಅಳಿಯಂದ್ರೇ, ತುಪ್ಪ ಹಾಕಿದೀನಿ" ಅಂದೆ.

ಹಿಂದಿನಿಂದ ಏನೋ ಬಂದು ಭುಜಕ್ಕೆ ಬಡಿಯಿತು. ಗಾಳಿ, ರೆಕ್ಕೆ, ಮಣ್ಣಿನ ಬಣ್ಣ. ಒಬ್ಬಟ್ಟು ನನ್ನ ಕೈಯಲ್ಲಿರಲಿಲ್ಲ. ನಾನು ಪಕ್ಕಕ್ಕೆ ಒರಗಿದ ರಭಸಕ್ಕೆ ಡಬ್ಬ ಮಗುಚಿ ಉಳಿದ ಒಬ್ಬಟ್ಟೆಲ್ಲ ಮರಳಿನ ಪಾಲಾಯಿತು; ಚೀಲವೂ ಉರುಳಿತು. ಟವೆಲು ಬಿಚ್ಚಿಕೊಂಡು ಅಮ್ಮನ ಸೀರೆ ಗಾಳಿಗೆ ಹರಡಿ, ನೀರಿನ ಕಡೆ ಹೊರಟಿತು.

ಮಂಡಿನೋವಿನ ಲಲಿತಮ್ಮನವರು ಎದ್ದು ಹೋಗಿ ಅದನ್ನು ಹಿಡಿದರು. ಅಳಿಯನೂ ಮೊರಿ ಸಾನ್ ಕೂಡ ನನ್ನ ಭುಜಕ್ಕೆ ಗಾಯವಾಗಿದೆಯೇ ಎಂದು ನೋಡುತ್ತಿದ್ದರು. ಗಾಯವಾಗಿರಲಿಲ್ಲ. ನಾನು ನೋಡುತ್ತಿದ್ದದ್ದು ಬೀಗಿತ್ತಿಯ ಕೈಗಳನ್ನು. ಅವರು ಸೀರೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಹೆರಿಗೆ ಮನೆ ಕಂಡ ಯಾವ ಹೆಂಗಸಿಗೂ ಅದು ಏತಕ್ಕೆಂದು ಹೇಳಬೇಕಾಗಿಲ್ಲ. ಆಮೇಲೆ ನನ್ನನ್ನೂ ಚೀಲವನ್ನೂ ನೋಡಿದರು. ನಾನು ಬಚ್ಚಿಟ್ಟದ್ದು ಯಾರಿಂದ ಎನ್ನುವುದೂ ಅವರಿಗೆ ತಿಳಿಯಿತು. ಮರಳು ಕೊಡವಿ, ಮಡಿಸಿ, ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಮಗನ ಮುಂದೆ ಒಂದು ಮಾತೂ ಎತ್ತಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅವತ್ತು ಮಧ್ಯಾಹ್ನ ನಾನು ಅವರ ಚಪಾತಿಯನ್ನೇ ತಿನ್ನಬೇಕಾಯಿತು. ಎಣ್ಣೆಗಾಯಿ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಬಾಣಂತನದ ಊಟವನ್ನೂ ಇವರು ಚೆನ್ನಾಗಿಯೇ ಮಾಡುತ್ತಾರೆ ಎಂದು ಇನ್ನಷ್ಟು ಸಂಕಟವಾಯಿತು.

ಸ್ಟೇಷನ್ನಿನ ಹತ್ತಿರ ಚಹಾದ ಅಂಗಡಿಗೆ ಮೊರಿ ಸಾನ್ ಕರೆದೊಯ್ದರು. ಬಟ್ಟಲಿನಲ್ಲಿ ನೊರೆನೊರೆಯಾದ ಕಹಿ ಹಸಿರು ಚಹಾ, ಜೊತೆಗೆ ನಮ್ಮ ಹೂರಣದ ತಂಗಿಯಂಥ ಸಿಹಿ. ಕಳೆದುಕೊಂಡ ಒಬ್ಬಟ್ಟು ನೆನಪಾಯಿತು. ಅಲ್ಲಿ ನಾನು ಕೇಳಿಸಿದೆ: ಹೀಗೆ ಕಡಿದಾಡುತ್ತಿದ್ದವರು ಕೊನೆಗೆ ರಾಜಿಯಾಗುತ್ತಿದ್ದುದು ಹೇಗೆ? ಒಬ್ಬರನ್ನು ಕೊಂದದ್ದಕ್ಕೆ ಇನ್ನೊಬ್ಬರನ್ನು ಕೊಂದರೆ ಲೆಕ್ಕ ಮುಗಿಯುವುದೆಲ್ಲಿ?

ಮೊರಿ ಸಾನ್ ಬಟ್ಟಲನ್ನು ಕೆಳಗಿಟ್ಟರು. ಮೂರನೆಯವರೊಬ್ಬರು ಮಧ್ಯೆ ಬರುತ್ತಿದ್ದರಂತೆ, ಹೆಚ್ಚಾಗಿ ಸನ್ಯಾಸಿಗಳು. ಕೊಂದ ಕಡೆಯವರು ತಮ್ಮಲ್ಲೊಬ್ಬನನ್ನು ಸತ್ತವನ ಕಡೆಯವರಿಗೆ ಒಪ್ಪಿಸಬೇಕು. ಅವನು ಅಲ್ಲಿ ಹೋಗಿ ನಿಲ್ಲಬೇಕು. ಕೊಲ್ಲುವುದಕ್ಕೆ ಅವರಿಗೆ ಅಡ್ಡಿಯೇನೂ ಇಲ್ಲ. ಆದರೆ ರೂಢಿಯೆಂದರೆ, ಅವನ ಮುಖವನ್ನು ನೋಡಿ, ಜೀವಸಹಿತ ವಾಪಸು ಕಳಿಸಿಬಿಡುವುದು. ನೋಡಿದರೆ ಸಾಕು. ಅಲ್ಲಿಗೆ ಹಗೆ ತೀರಿತು.

"ಕೊಂದವನೇ ಬರ್ಬೇಕಾ?" ಲಲಿತಮ್ಮನವರು ಕೇಳಿದರು.

ಬೇಕಿಲ್ಲ, ಆ ಕಡೆಯವರು ಯಾರಾದರೂ ಸರಿ ಎಂದರು ಮೊರಿ ಸಾನ್.

ಲಲಿತಮ್ಮನವರು ಬಟ್ಟಲಿನ ತಳದಲ್ಲಿ ಉಳಿದದ್ದನ್ನು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

"ನಿಮ್ಮ ದೊಡ್ಡಪ್ಪನ್ನ ಎಲೆ ಮುಂದಿಂದ ಎಬ್ಬಿಸಿದ್ದು ನಮ್ಮ ಭಾವನೋರು. ಅವರೀಗಿಲ್ಲ" ಅಂದರು. "ನಾನು ಬಂದಿದೀನಿ. ನೋಡಿ ಸುಶೀಲಮ್ಮನವರೇ, ನನ್ನ ಮುಖ ನೋಡಿ."

ಅಳಿಯ ಚಹಾದ ಬಟ್ಟಲನ್ನು ಹಿಡಿದುಕೊಂಡೇ ಕೂತುಬಿಟ್ಟರು. ಮೊರಿ ಸಾನ್‌ಗೆ ಇದನ್ನು ಅವರು ದಾಟಿಸಲಿಲ್ಲ, ಆಕೆ ಕೇಳಲೂ ಇಲ್ಲ. ತಲೆ ತಗ್ಗಿಸಿ ಮೇಜನ್ನು ನೋಡುತ್ತಿದ್ದರು.

ನೋಡಿದೆ. ಹತ್ತು ದಿನ ಒಂದೇ ಕೋಣೆಯಲ್ಲಿದ್ದೂ ನೋಡಿರಲಿಲ್ಲ. ಬಿಸಿಲಿಗೆ ಕೆಂಪಾದ ಮೂಗು. ಕುಂಕುಮವಿಲ್ಲದ ಹಣೆಯ ಮೇಲೆ ಸಣ್ಣ ಚಂದನದ ಬೊಟ್ಟು. ಬೀಗರು ತೀರಿಕೊಂಡಾಗ ನಾವು ಹೋಗಿದ್ದೆವು, ಹೋಗಿ ನೀರೂ ಕುಡಿಯದೆ ಬಂದಿದ್ದೆವು. ಕಣ್ಣು ಥೇಟ್ ಅಳಿಯನ ಕಣ್ಣು. ಹುಟ್ಟುವ ಮಗುವಿಗೂ ಅದೇ ಕಣ್ಣು ಬರಬಹುದು ಎನ್ನಿಸಿ ಒಂದು ಚೂರು ಅಸೂಯೆಯೇ ಆಯಿತು. ಆದರೂ ಕಣ್ಣು ತೆಗೆಯಲಿಲ್ಲ. ಆ ಮುಖದಲ್ಲಿ ಭಯವಿತ್ತು. ಒಬ್ಬರೇ, ಭಾಷೆ ಬಾರದ ಊರಿನಲ್ಲಿ, ಬೇರೆಯವರ ಮಗಳ ಹೆರಿಗೆ ಮಾಡಿಸಬೇಕಾದವರ ಭಯ. ನಾನು ಕಿತ್ತುಕೊಂಡರು ಎಂದು ಕೊರಗುತ್ತಿದ್ದದ್ದು ಅವರ ತಲೆಯ ಮೇಲೆ ಬಿದ್ದ ಹೊರೆಯೂ ಆಗಿತ್ತು.

"ನೋಡಿದೆ" ಅಂದೆ.

ಅಷ್ಟೇ. ಮೊರಿ ಸಾನ್ ಪ್ಲಾಟ್‌ಫಾರ್ಮಿನ ತನಕ ಬಂದು, ಬೆಳಿಗ್ಗೆಯ ಅಳತೆಯಲ್ಲೇ ಇಬ್ಬರಿಗೂ ಬಾಗಿದರು. ನಾವೂ ಜೊತೆಯಲ್ಲೇ "ಅರಿಗಾತೋ" ಎಂದು ಅವರ ಭಾಷೆಯಲ್ಲೇ ಧನ್ಯವಾದ ಹೇಳಿದೆವು. ರೈಲಿನಲ್ಲಿ ಅಳಿಯ ಎದ್ದು ಬಾಗಿಲ ಬಳಿ ನಿಂತರು. ನಡುವೆ ಯಾರೂ ಇಲ್ಲದೆ ನಾವಿಬ್ಬರೂ ಅಕ್ಕಪಕ್ಕ ಕೂತೆವು. ಮೂಲಂಗಿ ಅವರ ಮಡಿಲಲ್ಲಿ, ಚೀಲ ನನ್ನ ಮಡಿಲಲ್ಲಿ. ಯೋಕೋಹಾಮಾ ದಾಟಿದ ಮೇಲೆ ಚೀಲದಿಂದ ಟವೆಲಿನ ಗಂಟು ತೆಗೆದು ಅವರ ಮುಂದಿಟ್ಟೆ.

"ನಮ್ಮಮ್ಮಂದು. ಸುಮನ್ನ ಸುತ್ತಿದ್ದು ಇದರಲ್ಲೇ. ನೀವು ಇಟ್ಕೊಳ್ಳಿ."

ಅವರು ಗಂಟು ಬಿಚ್ಚಿ ಸೀರೆಯನ್ನು ನೋಡಿದರು. ಆಮೇಲೆ ವಾಪಸು ನನ್ನ ಕೈಗೇ ಇಟ್ಟರು. "ನೋಡಿದೆ. ಇದನ್ನ ನೀವು ನಿಮ್ಮ ಮಗಳ ಕೈಗೇ ಕೊಟ್ಟು ಹೋಗಿ. ಅವಳು ಕೊಟ್ರೆ ನಾನು ಸುತ್ತುತೀನಿ" ಅಂದರು. ಒಂದು ಗಳಿಗೆ ಬಿಟ್ಟು ದನಿ ತಗ್ಗಿಸಿದರು. "ಆದ್ರೆ ಎಳೇ ಮಗೂನ ಸುತ್ತಿ ಮೂವತ್ತು ವರ್ಷ ಮೇಲಾಯ್ತು ಕಣ್ರೀ. ಇವನ ಕಾಲಕ್ಕೆ ಎಲ್ಲಾ ನಮ್ಮತ್ತೇನೇ ಮಾಡಿದ್ದು. ಒಂದ್ಸಲ ತೋರಿಸ್ತೀರಾ?"

ತೋರಿಸುವುದಕ್ಕೆ ಮಗುವೆಲ್ಲಿ? ಮೂಲಂಗಿಯನ್ನೇ ತೊಡೆಯ ಮೇಲೆ ಮಲಗಿಸಿದೆ. ಎಲೆಯ ಕಡೆ ತಲೆಯೆಂದು ಇಟ್ಟುಕೊಂಡು, ಬಲಗಡೆಯಿಂದ ಒಂದು ಮಡಿಕೆ, ಕಾಲ ಕಡೆಯಿಂದ ಮೇಲಕ್ಕೊಂದು, ಎಡಗಡೆಯಿಂದ ಬಿಗಿಯಾಗಿ ಎಳೆದು ಬೆನ್ನ ಕೆಳಗೆ. ಅವರು ಬಿಚ್ಚಿ ತಾವು ಸುತ್ತಿದರು. ಸಡಿಲ ಅಂದೆ. "ಮಗೂಗೆ ಉಸಿರು ಬೇಡ್ವೇನ್ರೀ" ಅಂದರು. ಮತ್ತೆ ನಾನು, ಮತ್ತೆ ಅವರು. ಎದುರು ಸೀಟಿನಲ್ಲಿದ್ದ ಜಪಾನೀ ಅಜ್ಜಿಯೊಬ್ಬರು ಗಂಭೀರವಾಗಿ ನಮ್ಮ ಮೂಲಂಗಿಯ ಕಡೆ ನೋಡಿ, ಹಣೆ ಮುಚ್ಚಿ ಎಂದು ಸನ್ನೆ ಮಾಡಿ ತೋರಿಸಿದರು. ಬಾಗಿಲ ಬಳಿ ಅಳಿಯ ನಮ್ಮನ್ನು ಬಲ್ಲವರೇ ಅಲ್ಲ ಎನ್ನುವಂತೆ ಫೋನು ನೋಡುತ್ತಿದ್ದರು. ಮೂರನೆಯ ಸಲ ಲಲಿತಮ್ಮನವರು ಸುತ್ತಿದ್ದು ನನ್ನದಕ್ಕಿಂತ ಅಚ್ಚುಕಟ್ಟಾಗಿತ್ತು. ಅದನ್ನು ನಾನು ಹೇಳಲಿಲ್ಲ.

ಓಜಿಮಾದಲ್ಲಿ ಇಳಿದಾಗ ಬೀದಿದೀಪಗಳು ಹತ್ತಿದ್ದವು. ಸುತ್ತಿದ ಮೂಲಂಗಿಯನ್ನು ಎದೆಗೊತ್ತಿಕೊಂಡು ಅವರು ಮುಂದೆ ಮೆಟ್ಟಿಲು ಹತ್ತುತ್ತಿದ್ದರು, ಮಂಡಿನೋವಿನ ನೆನಪೇ ಇಲ್ಲದವರ ಹಾಗೆ. ನನಗೆ ತಡೆಯಲಾಗಲಿಲ್ಲ.

"ಕೊಡಿ ಇಲ್ಲಿ" ಅಂದೆ. "ಇನ್ನೊಂದು ತಿಂಗಳಿಗೆ ನಿಜವಾದದ್ದನ್ನೇ ಎತ್ಕೊಳ್ಳೋರು ನೀವು. ಇದನ್ನಾದ್ರೂ ನಾನು ಮನೇವರೆಗೆ ಎತ್ಕೊಂಡು ಬರ್ತೀನಿ."

ಅವರು ಕೊಟ್ಟರು. ಕೊಡುವಾಗ ತಲೆಯ ಕೆಳಗೆ ಕೈಯಿಟ್ಟೇ ಕೊಟ್ಟರು.